ಮೂರನೇ ದಿನದ ಒಣ ಮಣ್ಣು

ನಾನು ಬೆಳೆದ ಮನೆಯನ್ನು ನೆನೆದರೆ ನನಗೆ ಮೊದಲು ಕುತ್ತಿಗೆ ನೋಯುತ್ತದೆ. ಬೇರೆಯವರಿಗೆ ಅಂಗಳ ನೆನಪಾಗುತ್ತದಂತೆ, ಹಿತ್ತಲಿನ ನುಗ್ಗೆಗಿಡ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಮಾಳಿಗೆಯ ಒಳಮೈ. ಅದನ್ನು ನೋಡುತ್ತಲೇ ನನ್ನ ಬಾಲ್ಯದ ಅರ್ಧ ಕಳೆದುಹೋಯಿತು. ಹಿರೇವಡ್ಡಟ್ಟಿಯ ನಮ್ಮ ಮನೆ ಎಂದರೆ ಒಂದು ಉದ್ದ ಪಡಸಾಲೆ. ಅದರ ಒಂದು ತುದಿಗೆ ಎತ್ತುಗಳ ಗ್ವಾದಲಿ, ಇನ್ನೊಂದು ತುದಿಗೆ ಜೋಳದ ಚೀಲಗಳು, ಹಿಂದೆ ಬೇರೆ ಮಾಡಿನ ಕೆಳಗೆ ಹೊಗೆ ತುಂಬಿದ ಸಣ್ಣ ಅಡಿಗೆಮನೆ. ಪಡಸಾಲೆಯ ನೆತ್ತಿಗೆ ಗೋಡೆಯಿಂದ ಗೋಡೆಗೆ ಎರಡು ದಪ್ಪ ತೊಲೆ, ಅವುಗಳ ಮೇಲೆ ಅಡ್ಡಡ್ಡ ಜಂತಿ, ಜಂತಿಗಳ ಮೇಲೆ ಬಂದರಿಕೆ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಹೊರಗೆ ಊರು ಹುರಿಯುತ್ತಿದ್ದರೂ ಒಳಗೆ ಮಡಕೆಯೊಳಗೆ ಕೂತಷ್ಟು ತಂಪು. ಮಳೆಗಾಲದಲ್ಲಿ ಮಾತ್ರ ಆ ಮಾಳಿಗೆಗೆ ನೂರು ಬಾಯಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತಿತ್ತು.

ಸೋರಿಕೆಗೆ ನಮ್ಮ ಕಡೆ ಒಂದೇ ಔಷಧ, ಸವಳು ಮಣ್ಣು. ಹಳ್ಳದ ದಂಡೆಯ ಮೇಲೆ ಬೆಳ್ಳಗೆ ಉಪ್ಪು ಹೊದ್ದುಕೊಂಡು ಬಿದ್ದಿರುವ, ಏನನ್ನೂ ಬೆಳೆಯದ ಮಣ್ಣು ಅದು. ನೀರು ಬಿದ್ದರೆ ಅಂಟು ಹಿಡಿದು ಬಿಗಿಯುತ್ತದೆ. ಅದನ್ನು ಬುಟ್ಟಿಯಲ್ಲಿ ಹೊತ್ತು ತಂದು, ನಿಚ್ಚಣಿಕೆ ಏರಿ, ಸೋರುವ ಜಾಗಕ್ಕೆ ಸುರಿದು ಕಾಲಲ್ಲಿ ತುಳಿದರೆ ಆ ವರ್ಷದ ಮಟ್ಟಿಗೆ ಆ ಬಾಯಿ ಮುಚ್ಚಿತು ಎಂದೇ ಲೆಕ್ಕ. ಈ ಕೆಲಸ ನಮ್ಮಪ್ಪನ ಅಕ್ಕ ನೀಲವ್ವನದು. ನನಗೆ ಆಕೆ ನೀಲತ್ತಿ. ಶಿರಹಟ್ಟಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ತಪಕೀರಿನ ಡಬ್ಬಿ ಹಿಡಿದುಕೊಂಡು ತವರಿಗೆ ಬಂದವಳು. ಮೂಗಿಗೆ ತಪಕೀರು ಏರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಿಚ್ಚಣಿಕೆಯನ್ನು ಕೈಯಿಂದ ಹಿಡಿಯದೆ ಏರುತ್ತಿದ್ದಳು. ನಾನು ಕೆಳಗೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಗಲೇ ನನಗೆ ಎಲ್ಲದರ ಕೊನೆಯೂ ಮೊದಲೇ ಕಾಣಿಸುವ ರೋಗ ಅಂಟಿತ್ತು.

ಮನೆಯಲ್ಲಿ ನನ್ನ ಹುದ್ದೆ ಸೋರಿಕೆ ಹುಡುಕುವುದು. ಯಾರೂ ಕೊಟ್ಟದ್ದಲ್ಲ, ನಾನೇ ಏರಿ ಕೂತದ್ದು. ಮೋಡ ಕವಿದರೆ ಸಾಕು, ಕೊಡ, ತಂಬಿಗೆ, ಚರಿಗೆ, ಒಡೆದ ಮೂಲೆಯ ಪರಾತ ಎಲ್ಲವನ್ನೂ ಹೊರಗೆಳೆದು ಪಡಸಾಲೆಯಲ್ಲಿ ಸಾಲಾಗಿ ಇಡುತ್ತಿದ್ದೆ. ಹನಿ ಬೀಳುವ ಮೊದಲೇ ಪಾತ್ರೆ ಇಟ್ಟು ಕಾಯುವ ಹುಡುಗಿಯನ್ನು ಕಂಡು ಅಪ್ಪ ನಗುತ್ತಿದ್ದ.

"ಬಂದ್ಲು ನೋಡ್ರಿ, ಚಿಂತಿ ಗೌಡ್ತಿ! ಎಲ್ಲಾರೂ ಎದ್ದ ನಿಂದರ್ರಿ!"

ಹಾಗೆ ನಗುತ್ತಿದ್ದರೂ ನಾನು "ಸೋರ್ತೈತಿ" ಎಂದಾಗ ದೊಡ್ಡವರು ಖರೆಯೇ ಎದ್ದು ನಿಲ್ಲುತ್ತಿದ್ದರು. ಉಣ್ಣುವವರು ಉಣ್ಣುವುದನ್ನು ಬಿಟ್ಟು, ಬೈಯುವವರು ಬೈಯುವುದನ್ನು ಬಿಟ್ಟು ಮೇಲೆ ನೋಡುತ್ತಿದ್ದರು. ನನ್ನ ಬೇರೆ ಯಾವ ಮಾತಿಗೂ ಆ ಮನೆಯಲ್ಲಿ ಅಷ್ಟು ಬೆಲೆ ಇರಲಿಲ್ಲ. ಆ ರುಚಿ ಹತ್ತಿದ ಮೇಲೆ ನಾನು ಒಂದು ಕೆಟ್ಟ ಕೆಲಸ ಕಲಿತೆ. ಸೋರದಿದ್ದಾಗಲೂ ಸೋರುತ್ತದೆ ಎನ್ನತೊಡಗಿದೆ. ತಂಬಿಗೆಯಿಂದ ನಾಲ್ಕು ಹನಿ ನೆಲಕ್ಕೆ ಚಿಮುಕಿಸಿ, "ಅತ್ತೀ, ಇಲ್ಲಿ ನೋಡ" ಎನ್ನುತ್ತಿದ್ದೆ. ನೀಲತ್ತಿ ಬುಟ್ಟಿ ಎತ್ತುತ್ತಿದ್ದಳು, ನನ್ನನ್ನೂ ಮೇಲೆ ಕರೆದೊಯ್ಯುತ್ತಿದ್ದಳು. ನನಗೆ ಬೇಕಿದ್ದದ್ದು ಅದೇ. ಮಾಳಿಗೆಯ ಮೇಲಿಂದ ಕಪ್ಪತಗುಡ್ಡ ಉದ್ದಕ್ಕೆ ಮಲಗಿದ್ದು ಕಾಣುತ್ತಿತ್ತು. ಅತ್ತಿ ಮಣ್ಣು ತುಳಿಯುತ್ತ ಶಿರಹಟ್ಟಿಯ ತನ್ನ ಅತ್ತೆಯ ನಡೆಯನ್ನು ಅಣಕಿಸಿ ತೋರಿಸುತ್ತಿದ್ದಳು. ನಾನೂ ಆಕೆಯ ಹಿಂದೆ ಹಾಗೇ ಕುಂಟುತ್ತ ತುಳಿಯುತ್ತಿದ್ದೆ. ನನ್ನ ಒಂದೊಂದು ಸುಳ್ಳಿಗೆ ಒಂದೊಂದು ಬುಟ್ಟಿ ಮಣ್ಣು ಆ ಮಾಳಿಗೆಯ ಮೇಲೆ ಬಿತ್ತು. ಎಷ್ಟು ಬುಟ್ಟಿ ಎಂದು ಕೇಳಬೇಡಿ. ಗೊತ್ತಿದ್ದರೆ ಇಷ್ಟು ಹೊತ್ತಿಗೆ ನಿದ್ದೆ ಬರುತ್ತಿತ್ತೇನೋ.

ನಮ್ಮ ಓಣಿಯಲ್ಲಿ ಹುಸೇನಸಾಬ ಎಂಬ ಗೌಂಡಿ ಇದ್ದ. ಮಣ್ಣಿನ ಮನೆಯ ಮೈ ಬಲ್ಲವನು. ಒಂದು ಬೇಸಿಗೆಯಲ್ಲಿ ಅಪ್ಪನ ಜೊತೆ ಚಹಾ ಕುಡಿಯುತ್ತ ಕೂತವನು ನಮ್ಮ ತೊಲೆಯನ್ನೇ ನೋಡುತ್ತಿದ್ದ.

"ಗೌಡ್ರ, ಮ್ಯಾಲ ಮಣ್ಣು ಭಾಳ ಆಗೈತ್ರಿ. ಈ ವರ್ಷ ಹೊಸಾದು ಹಾಕಬ್ಯಾಡ್ರಿ. ಹಳೇದು ಕೆತ್ತಿ ತೆಗೀರಿ, ಆಮ್ಯಾಲ ಹಾಕ್ರಿ."

"ಏ ಸಾಬಾ, ಸೋರೂ ಮಾಳಗಿ ಮ್ಯಾಲಿನ ಮಣ್ಣ ತೆಗೀ ಅಂತೀಯಲ್ಲ! ಹರದ ಅಂಗಿ ಬಿಚ್ಚಿ ಬಿಸಾಕಿ ಬೆತ್ತಲಿ ತಿರಗ ಅಂದಂಗ ಆತು."

"ಅಂಗಿ ಮ್ಯಾಲ ಅಂಗಿ, ಅಂಗಿ ಮ್ಯಾಲ ಅಂಗಿ ಹತ್ತ ತೂಗ ಹಾಕೀರಿ. ಗೂಟ ತಡೀಬೇಕಲ್ರಿ?"

ಎಲ್ಲರೂ ನಕ್ಕರು. ಮಣ್ಣು ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಕೆಲಸ. ತೆಗೆಯುವುದು ಯಾರಿಗೂ ಕೈಬಾರದ್ದು. ಕೆತ್ತಿದರೆ ಸೊಪ್ಪಿನ ಹಾಸು ಹರಿದೀತು ಎಂಬ ಹೆದರಿಕೆ ಒಂದು, ನಾಲ್ಕು ದಿನ ಮನೆ ಬಾಯ್ದೆರೆದುಕೊಂಡು ಬಿದ್ದೀತು ಎಂಬ ನಾಚಿಕೆ ಇನ್ನೊಂದು. ಆ ವರ್ಷವೂ ಹೊಸ ಮಣ್ಣೇ ಬಿತ್ತು.

ಆ ಚಂಡಮಾರುತ ಬಂದದ್ದು ಉಳ್ಳಾಗಡ್ಡಿ ಕೀಳುವ ಹೊತ್ತಿಗೆ. ಚಂಡಮಾರುತ ಎನ್ನಬಾರದು, ಅದಕ್ಕೆ ಆ ಯೋಗ್ಯತೆಯೂ ಇರಲಿಲ್ಲ. ದೂರದ ಸಮುದ್ರದಲ್ಲಿ ನೀರು ಬೆಚ್ಚಗಾಗಿ, ಗಾಳಿ ಮೇಲೆದ್ದು, ಸುತ್ತಲಿನ ಮೋಡ ಅಲ್ಲಿಗೇ ಸುತ್ತಿಕೊಂಡು ಬಂದು, ಒಂದು ಅರೆಬೆಂದ ಸುಳಿ ಆಗಿತ್ತು ಅಷ್ಟೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಬಹಳ ವರ್ಷಗಳ ಮೇಲೆ, ಓದಿ ಓದಿ, ಬೇಡದಷ್ಟು. ಆಗ ನಮಗೆ ಗೊತ್ತಿದ್ದದ್ದು ಗೋಡೆಯ ಗೂಡಿನಲ್ಲಿದ್ದ ರೇಡಿಯೋ ಹೇಳಿದಷ್ಟೇ. ಮೊದಲ ದಿನ ಅದು ಸಮುದ್ರದಲ್ಲಿದೆ ಎಂದಿತು. ಮರುದಿನ ನೆಲ್ಲೂರಿನ ಆಚೀಚೆ ದಡಕ್ಕೆ ಬಂತೆಂದಿತು. ಅದರ ಮರುದಿನ ರಾಯಲಸೀಮೆಯ ಮೇಲೆ ಬಂದು ದುರ್ಬಲಗೊಂಡಿದೆ ಎಂದಿತು. ನಾನು ಕೊಡಗಳನ್ನು ಹೊರಗೆಳೆಯುತ್ತಿದ್ದೆ. ಅಪ್ಪ ಉಳ್ಳಾಗಡ್ಡಿ ಚೀಲಗಳನ್ನು ಟೆಂಪೋಕ್ಕೆ ಹೇರಿಸಿ ಗದಗಿನ ಪೇಟೆಗೆ ಹೊರಟು ನಿಂತಿದ್ದ.

"ಅಪ್ಪಾ, ಹೋಗಬ್ಯಾಡೋ. ಅದು ಬರಾಕ್ಹತ್ತೈತಿ."

"ಎಲ್ಲಿಂದ ಬರತೈತಲೇ? ನೆಲ್ಲೂರಿಂದ ಬಳ್ಳಾರಿ, ಬಳ್ಳಾರಿಂದ ಹೊಸಪೇಟಿ, ಅಲ್ಲಿಂದ ಕೊಪ್ಪಳ. ಬಸ್ಸೇ ವೇಳ್ಯಾಕ ಬರೂದಿಲ್ಲ ಇಲ್ಲಿಗೆ, ಗಾಳಿ ಬರತೈತೇನ? ಮ್ಯಾಲ ಅದಕ್ಕ ತ್ರಾಣನೂ ಇಲ್ಲಂತ. ಕೇಳಿದಿ ಇಲ್ಲೋ?"

"ಕೇಳೀನಿ."

"ಮತ್ತ? ನಾಳಿಗೆ ಬರ್ತೀನಿ. ನಿಮ್ಮ ಅತ್ತಿ ಅದಾಳ, ಅವ್ವ ಅದಾಳ, ನೀ ಅಂತೂ ಇದ್ದೇ ಇದ್ದಿ."

ಬಲ ಇದ್ದ ಗಾಳಿ ಹೊಡೆದು ಮುಂದಕ್ಕೆ ಹೋಗಿಬಿಡುತ್ತದೆ, ಬಲ ತೀರಿದ್ದು ಇದ್ದಲ್ಲೇ ಕುಂಡ್ರುತ್ತದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಾರಿ ನಡೆದು ಸೋತ ಬೀಗರು ಕಟ್ಟೆಯ ಮೇಲೆ ಕೂತು ಏಳದೆ ಹೋದ ಹಾಗೆ ಅದು ನಮ್ಮ ಸೀಮೆಯ ಮೇಲೆ ಕೂತುಬಿಟ್ಟಿತು. ಗುಡುಗಿಲ್ಲ, ಮಿಂಚಿಲ್ಲ, ಒಂದು ಎಲೆ ಅಲುಗುವಷ್ಟು ಗಾಳಿಯಿಲ್ಲ. ಸುಮ್ಮನೆ ಮಳೆ. ಮೊದಲ ದಿನ ಎರೆಮಣ್ಣು ಅದನ್ನೆಲ್ಲ ಕುಡಿಯಿತು. ಎರಡನೇ ದಿನ ಕುಡಿಯುವುದನ್ನು ಬಿಟ್ಟಿತು. ಹೊಲದ ಬದುವುಗಳು ಒಡೆದು ನೀರು ಹಳ್ಳಕ್ಕೆ ನುಗ್ಗಿ, ಹಳ್ಳ ದಾರಿಯನ್ನು ನುಂಗಿ, ಮುಂಡರಗಿಯ ಕಡೆಗೂ ಗದಗಿನ ಕಡೆಗೂ ಬಸ್ಸು ನಿಂತವು. ಕೆಳಗಿನ ಓಣಿಯವರು ಹಾಸಿಗೆ ಸುತ್ತಿಕೊಂಡು ಶಾಲೆಗೆ ಹೋದರು. ಕಿತ್ತು ಬಿಟ್ಟಿದ್ದ ಉಳ್ಳಾಗಡ್ಡಿ ತೇಲಿಕೊಂಡು ಓಣಿಯಲ್ಲಿ ನಮ್ಮ ಬಾಗಿಲ ಮುಂದೆಯೇ ಹಾದುಹೋದವು. ಯಾರವೋ ಏನೋ, ಒಬ್ಬರೂ ಆರಿಸಿಕೊಳ್ಳಲಿಲ್ಲ.

ಮನೆಯೊಳಗೆ ಅವ್ವನಿಗೂ ನೀಲತ್ತಿಗೂ ಎತ್ತುಗಳ ಮೇಲೆ ಜಗಳ. ಅವುಗಳನ್ನು ಶಾಲೆಯ ಕಡೆ ಹೊಡೆದು ಕಟ್ಟಿ ಬರೋಣ ಎಂದು ಅವ್ವ, ಮನೆ ಇರುವಾಗ ಎತ್ತನ್ನು ಯಾಕೆ ಮಂದಿ ಬಾಗಿಲಿಗೆ ಕಟ್ಟಬೇಕು ಎಂದು ಅತ್ತಿ.

"ಮನಿ ಐತಿ ಅಂತ ಇಷ್ಟ ಜಂಬ ಮಾಡಬ್ಯಾಡ್ರಿ ಅಕ್ಕಾರ. ಗ್ವಾದಲಿ ಗ್ವಾಡಿ ಉಬ್ಬೈತಿ, ನೋಡೀರಿಲ್ಲ?"

"ಉಬ್ಬಲಿ ತಗೋ. ಮೂರ ದಿನಾ ಸುಮ್ಮನ ರೊಟ್ಟಿ ತಿಂದ ಕುಂತ್ರ ನಾನೂ ಉಬ್ಬತೀನಿ."

ಅವ್ವ ನಗಲಿಲ್ಲ. ಆದರೂ ಗೆದ್ದದ್ದು ಅವ್ವನೇ. ಮೂರನೇ ದಿನ ಬೆಳಿಗ್ಗೆ ಇಬ್ಬರೂ ಗೋಣಿಚೀಲ ಹೊದ್ದು ಎತ್ತುಗಳನ್ನು ಬಿಟ್ಟುಬಂದರು. ಎತ್ತುಗಳು ಉಳಿದವು.

ಮೂರನೇ ದಿನ ಮಧ್ಯಾಹ್ನ ಮಳೆ ಸಣ್ಣಗಾಗಿತ್ತು, ಇನ್ನೇನು ನಿಂತಿತು ಎನ್ನುವ ಹಾಗೆ. ಮೂವರೂ ಪಡಸಾಲೆಯಲ್ಲಿ ಉಣ್ಣಲು ಕೂತೆವು. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಸುತ್ತಲೂ ಒಂಬತ್ತು ಪಾತ್ರೆಗಳಲ್ಲಿ ಹನಿ ಬೀಳುತ್ತಿತ್ತು. ಯಾವುದು ತುಂಬುತ್ತ ಬಂತೆಂದು ನಾನು ಸದ್ದಿನಿಂದಲೇ ಹೇಳಬಲ್ಲೆ ಎಂದು ಬೀಗುತ್ತಿದ್ದೆ. ಅಷ್ಟರಲ್ಲಿ ನನ್ನ ರೊಟ್ಟಿಯ ಮೇಲೆ ಏನೋ ಉದುರಿತು. ಮಣ್ಣು. ಗೋಧಿ ಹಿಟ್ಟಿನಷ್ಟು ಸಣ್ಣದು, ಒಂದು ಚಿಟಿಕೆ. ನಾನು ತಕ್ಷಣ ಮೇಲೆ ನೋಡಿದೆ. ತೊಲೆ ಗೋಡೆಗೆ ಸೇರುವ ಕಡೆಯಿಂದ ಬಿದ್ದಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಒಣಗಿತ್ತು. ಮೂರು ದಿನದ ಮಳೆಯಲ್ಲಿ ಆ ಮನೆಯೊಳಗೆ ನನ್ನ ಕೈಗೆ ಸಿಕ್ಕ ಒಣ ವಸ್ತು ಅದೊಂದೇ. ನನಗೆ ಸಮಾಧಾನವಾಯಿತು. ಒಣಗಿದೆ ಅಂದರೆ ಅಲ್ಲಿ ಸೋರುತ್ತಿಲ್ಲ, ಅದೊಂದು ಮೂಲೆಯಾದರೂ ಗಟ್ಟಿ ಇದೆ ಎಂದುಕೊಂಡೆ. ಮಣ್ಣನ್ನು ಸವರಿ ಹಾಕಿ ರೊಟ್ಟಿ ಮುರಿದು ತಿಂದೆ. ಜಗತ್ತಿನ ಎಲ್ಲದಕ್ಕೂ ಹೆದರುತ್ತಿದ್ದ ಹುಡುಗಿ ಹೆದರಬೇಕಾದ ಒಂದೇ ಒಂದಕ್ಕೆ ಹೆದರಲಿಲ್ಲ.

ಉಂಡು ಏಳುವಾಗ ಜೋಳದ ಚೀಲಗಳ ಮೇಲೆ ಹೊಸದೊಂದು ಹನಿ ಕಂಡಿತು. ಅದು ಹನಿಯಾಗಿ ಉಳಿಯದೆ ದಾರವಾಗುತ್ತಿತ್ತು.

"ಅತ್ತೀ, ಜ್ವಾಳದ ಮ್ಯಾಲ ಸೋರ್ತೈತಿ!"

ನೀಲತ್ತಿ ಕೈ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗಿ, ಮೂಗಿನಲ್ಲೇ ನಕ್ಕು ಕೇಳಿದಳು:

"ಇವತ್ತ ಖರೆನೋ? ಇಲ್ಲಾ ತಂಬಿಗಿ ನೀರೋ?"

ಆಕೆಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

"ಖರೆ ಅತ್ತಿ. ನಿನ್ನಾಣಿ."

"ನನ್ನಾಣಿ ಯಾಕಲೇ, ನಿಮ್ಮಪ್ಪನ ಆಣಿ ಮಾಡು, ಉಳ್ಳಾಗಡ್ಡಿಗೆ ರೇಟ್ ಆದ್ರೂ ಬರಲಿ. ಬರ್ತಿ ಏನ ಮ್ಯಾಲ?"

"ಆಕೀನ್ನ ಕರೀಬ್ಯಾಡ್ರಿ, ಥಂಡಿ ಆಗೈತಿ ಆಕಿಗೆ," ಎಂದು ಅವ್ವ ಅಡಿಗೆಮನೆಯಿಂದ ಕೂಗಿದಳು. "ಬಾ ಇಲ್ಲಿ, ಒಲಿ ಊದು."

ನಾನು ಅಡಿಗೆಮನೆಗೆ ಹೋದೆ. ಅತ್ತಿ ಗ್ವಾದಲಿಯ ಮೂಲೆಯಲ್ಲಿ ಕಾದಿಟ್ಟಿದ್ದ ಸವಳು ಮಣ್ಣನ್ನು ಬುಟ್ಟಿಗೆ ತುಂಬಿಕೊಂಡು ನಿಚ್ಚಣಿಕೆ ಏರಿದಳು. ಆಕೆ ಮೇಲೆ ನಡೆಯುವ ಸದ್ದು ಕೇಳುತ್ತಿತ್ತು. ಬುಟ್ಟಿ ಸುರಿದ ಸದ್ದು ಕೇಳಿಸಿತು. ತುಳಿಯುವ ಸದ್ದು, ನಾಲ್ಕು ಸಲ, ಐದು ಸಲ, ಕುಂಟುವ ತಾಳದಲ್ಲಿ. ನಾನು ಕೆಳಗೆ ಕೇಳುತ್ತಿದ್ದೇನೆ ಎಂದು ಗೊತ್ತಿದ್ದೇ ಹಾಗೆ ತುಳಿಯುತ್ತಿದ್ದಳು. ಆಮೇಲೆ ಯಾರೋ ದೊಡ್ಡ ಚೀಲವೊಂದನ್ನು ಬೆನ್ನಿನಿಂದ ಇಳಿಸಿದ ಹಾಗೆ ಒಂದು ಸದ್ದು. ಅಷ್ಟೇ. ಇಂಥದ್ದಕ್ಕೆ ದೊಡ್ಡ ಸದ್ದು ಆಗುತ್ತದೆ ಎಂದು ನಾನು ತಿಳಿದಿದ್ದೆ. ಆಗುವುದಿಲ್ಲ. ಬಾಗಿಲಿನಿಂದ ಧೂಳು ಒಳಗೆ ಬಂತು, ಧೂಳಿನ ಹಿಂದೆ ಬೆಳಕು ಬಂತು. ನಮ್ಮ ಪಡಸಾಲೆಯಲ್ಲಿ ಅಷ್ಟು ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ.

ಓಣಿಯ ಮಂದಿಯೆಲ್ಲ ಕೈಯಿಂದಲೇ ತೋಡಿದರು. ಗುದ್ದಲಿ ಹಾಕಬೇಡಿ ಎಂದು ಹುಸೇನಸಾಬ ಒದರುತ್ತಿದ್ದ. ಮೇಲೆ ಹಸಿ ಮಣ್ಣು, ಅದರ ಕೆಳಗೆ ಹಳೆಯ ವರ್ಷಗಳ ಒಣ ಮಣ್ಣು. ಪದರು ಪದರಾಗಿ, ಒಂದೊಂದು ಮಳೆಗಾಲಕ್ಕೆ ಒಂದೊಂದು ಬಣ್ಣ. ನಾನು ಅದರಲ್ಲಿ ನನ್ನ ಪದರುಗಳನ್ನು ಹುಡುಕುತ್ತಿದ್ದೆ. ಹೊತ್ತು ಇರುವಾಗಲೇ ಅತ್ತಿ ಸಿಕ್ಕಳು. ಸೆರಗು ಸೊಂಟಕ್ಕೆ ಬಿಗಿದದ್ದು ಬಿಗಿದಂತೆಯೇ ಇತ್ತು. ಸೊಂಟದಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ತಪಕೀರಿಗೆ ಒಂದು ಹನಿ ನೀರೂ ತಾಗಿರಲಿಲ್ಲ.

ಅಪ್ಪ ಬರುವ ತನಕ ಕಾಯುವ ಹಾಗಿರಲಿಲ್ಲ. ಹಳ್ಳ ಇಳಿದಿರಲಿಲ್ಲ. ಮರುದಿನ ಹೊಲದಲ್ಲಿ ಕುಣಿ ತೋಡಿದರೆ ತೋಡಿದಷ್ಟಕ್ಕೆ ನೀರು ಜಿನುಗಿ ತುಂಬುತ್ತಿತ್ತು. ಎತ್ತಿ ಚೆಲ್ಲಲು ಪಾತ್ರೆ ಬೇಕೆಂದು ಯಾರೋ ಮನೆಗೆ ಓಡಿಬಂದರು. ಅವ್ವ ಪಡಸಾಲೆಯ ಮಣ್ಣಿನಿಂದ ಎಳೆದು ತೆಗೆದು ಕೊಟ್ಟದ್ದು ನನ್ನ ಕೊಡ, ನನ್ನ ತಂಬಿಗೆ, ಮೂಲೆ ಒಡೆದ ನನ್ನ ಪರಾತ. ನಾನು ಹನಿ ಹಿಡಿಯಲು ಇಟ್ಟ ಪಾತ್ರೆಗಳಿಂದಲೇ ನೀಲತ್ತಿಯ ಕುಣಿಯ ನೀರನ್ನು ಎತ್ತಿ ಚೆಲ್ಲಿದರು. ಪೂರ್ತಿ ಚೆಲ್ಲಲು ಆಗಲಿಲ್ಲ. ಹಸಿಯಲ್ಲೇ ಇಟ್ಟರು.

ಅಪ್ಪ ಬಂದದ್ದು ಅದರ ಮರುದಿನ, ಎದೆಮಟ್ಟದ ಹಳ್ಳವನ್ನು ಹಗ್ಗ ಹಿಡಿದು ದಾಟಿ. ಬಿದ್ದ ಮನೆಯ ಮುಂದೆ ನಿಂತು ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದ.

"ತ್ರಾಣ ಇಲ್ಲ ಅಂದಿದ್ರು. ರೇಡಿಯೋದಾಗ ಹಂಗ ಅಂದಿದ್ರು. ನಾನ ಕಿವಿಯಾರೆ ಕೇಳೀನಿ."

ಹುಸೇನಸಾಬ ಒಬ್ಬನೇ ಬಿದ್ದ ತೊಲೆಯ ತುದಿಯನ್ನು ಕೈಯಿಂದ ಸವರಿ ನೋಡುತ್ತ ಕೂತಿದ್ದ. ನಾನು ಹತ್ತಿರ ನಿಂತಿದ್ದೆ.

"ಮಗಳ, ಬೀಳೂಕಿಂತ ಮೊದಲ ಒಣಾ ಮಣ್ಣ ಏನರ ಉದರಿತ್ತೇನವಾ? ಒಳಗಿನ ಹಳೇ ಮಣ್ಣ ಒಣಗೇ ಇರತೈತಿ. ತೊಲಿ ಮಿಸುಕಿದ್ರ ಅದು ಉದರತೈತಿ. ಹಂಗ ಉದರಿತು ಅಂದ್ರ ಇದ್ದದ್ದ ಬಿಟ್ಟ ಹೊರಗ ಓಡಬೇಕು."

"ಇಲ್ಲ," ಎಂದೆ.

ಆತ ತಲೆಯಾಡಿಸಿದ. ಆ ಮಾತಿಗೆ ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಮೇಲೆ ನೋಡಲಿಲ್ಲ. ನೋಡಲು ಮೇಲೆ ಏನೂ ಇರಲಿಲ್ಲ. ಅಂದಿನಿಂದ ಅಪ್ಪ ನನ್ನನ್ನು ಚಿಂತಿ ಗೌಡ್ತಿ ಎನ್ನುವುದನ್ನು ಬಿಟ್ಟ. ಮೋಡ ಕಂಡಾಗ ಬಂದು, ವೈದ್ಯರನ್ನು ಕೇಳುವ ಹಾಗೆ, "ಏನವಾ, ಹ್ಯಾಂಗ ಅನಸ್ತೈತಿ?" ಎಂದು ನನ್ನನ್ನೇ ಕೇಳುತ್ತಿದ್ದ. ಆಗ ನಾನು ಹತ್ತು ವರ್ಷದವಳು. ಆ ಕೆಲಸದಿಂದ ನನಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಈಗ ಬೆಟಗೇರಿಯಲ್ಲಿ ನಮ್ಮದು ಕಬ್ಬಿಣ, ಸಿಮೆಂಟು ಹಾಕಿದ ಮನೆ. ಕಟ್ಟುವಾಗ ಇಂಜಿನಿಯರು ಎಷ್ಟು ಸರಳು ಬೇಕೆಂದನೋ ಅದರ ಮೇಲೆ ನಾನು ಇನ್ನಷ್ಟು ಹಾಕಿಸಿದೆ. ಇದರ ಮೇಲೆ ಆನೆ ಕಟ್ಟುತ್ತೀರಾ ಎಂದು ಆತ ಕೇಳಿದ. ಫೋನಿನಲ್ಲಿ ಹವಾಮಾನ ಹೇಳುವ ಆ್ಯಪ್‌ಗಳು ನಾಲ್ಕಿವೆ, ನಾಲ್ಕೂ ಬೇರೆ ಬೇರೆ ಹೇಳುತ್ತವೆ, ನಾನು ನಾಲ್ಕನ್ನೂ ನಂಬುತ್ತೇನೆ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಆಕೆಗೆ ಒಂದು ಚಾಳಿ ಇದೆ. ಉಣ್ಣುವ ಮೊದಲು ರೊಟ್ಟಿಯನ್ನು ಅಂಗೈಯಿಂದ ಒಂದು ಸಲ ಸವರುತ್ತಾಳೆ. ನನ್ನ ರೊಟ್ಟಿಯ ಮೇಲೆ ಹಿಟ್ಟು ಹೆಚ್ಚಾಗಿದೆ ಎಂದು ಹಂಗಿಸುತ್ತಾಳೆ ಎಂದೇ ನಾನು ಇಷ್ಟು ವರ್ಷ ಮುನಿಸಿಕೊಂಡಿದ್ದೆ.

ಮೊನ್ನೆ ಅಂಥದೇ ಮತ್ತೊಂದು ಸುಳಿ ಬಂತು, ಅದೇ ದಾರಿಯಲ್ಲಿ, ಹೆಸರಿಡುವಷ್ಟೂ ದೊಡ್ಡದಾಗದೆ. ಟಿ.ವಿ.ಯಲ್ಲಿ ಹುಡುಗಿಯೊಬ್ಬಳು ನಕಾಶೆಯ ಮೇಲೆ ಕೈಯಾಡಿಸಿ, ಅದು ದುರ್ಬಲಗೊಂಡಿದೆ, ಆತಂಕ ಬೇಡ ಎಂದಳು. ಮೂರು ದಿನ ಸುರಿಯಿತು. ಲಕ್ಷ್ಮೇಶ್ವರದ ಕಡೆ ಹಳ್ಳಗಳು ದಾರಿಗೆ ಬಂದವು, ಇಲ್ಲಿ ನಮ್ಮ ಓಣಿಯಲ್ಲಿ ಮೊಣಕಾಲು ನೀರು. ಮೂರನೇ ದಿನ ಮಧ್ಯಾಹ್ನ ಅವ್ವ, ನಾನು ಇಬ್ಬರೇ ಉಣ್ಣಲು ಕೂತಿದ್ದೆವು. ಯಾಕೋ ಹೇಳಿಬಿಟ್ಟೆ. ಐವತ್ತು ದಾಟಿದ ಹೆಂಗಸು, ತಟ್ಟೆಯನ್ನು ನೋಡುತ್ತ, ಸಣ್ಣ ಹುಡುಗಿಯ ಹಾಗೆ.

"ಅವ್ವಾ, ಅತ್ತಿ ಹೋದ ದಿನ ಉಣ್ಣುಮುಂದ ನನ್ನ ರೊಟ್ಟಿ ಮ್ಯಾಲ ಒಣಾ ಮಣ್ಣ ಉದರಿತ್ತು. ನಾ ಹೇಳಲಿಲ್ಲ. ಸಾಬ ಕೇಳಿದಾಗನೂ ಇಲ್ಲ ಅಂದೆ."

ಅವ್ವ ಪಲ್ಯಕ್ಕೆ ಎಣ್ಣೆ ಹಾಕಿಕೊಂಡಳು. ಬಾಟಲಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟಳು.

"ನನ್ನ ತಾಟಿನ್ಯಾಗೂ ಬಿದ್ದಿತ್ತು," ಎಂದಳು. "ನಾ ಊದಿ ಉಂಡೆ."

ಹೊರಗೆ ಮಳೆ ಸಣ್ಣಗಾಗಿತ್ತು.

"ಅತ್ತಿ ತಾಟಿನ್ಯಾಗ?"

"ಆಕೀ ರೊಟ್ಟಿ ಮ್ಯಾಲ ಎಲ್ಲಾರಕಿಂತ ಭಾಳ ಬಿದ್ದಿತ್ತು. ಮ್ಯಾಲ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಕೈಲೆ ಸವರಿ ತಿಂದ್ಲು. ಮುಂಜಾನೆ ಜಗಳಾಡಿದ್ವಲ್ಲ ಎತ್ತಿನ ಸಂಬಂಧ, ಮತ್ತ ನಾ ಗೆದ್ದೆ ಅಂತೀನಿ ಅಂತ ಆಕಿ ಸುಮ್ಮನಾದ್ಲು. ಮತ್ತ ಮನಿಗೆ ಹೆಸರಿಟ್ಲು ಅಂತಾಳ ಆಕಿ ಅಂತ ನಾನೂ ಸುಮ್ಮನಾದೆ."

ನಾನು ರೊಟ್ಟಿ ಮುರಿಯಲಿಲ್ಲ. ಅವ್ವ ಕೈ ಚಾಚಿ ನನ್ನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅಂಗೈಯಿಂದ ಒಂದು ಸಲ ಸವರಿದಳು, ತಿರುಗಿಸಿ ಹಿಂದೆಯೂ ಸವರಿದಳು, ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಟ್ಟು ಅಷ್ಟೇ ಇತ್ತು.

"ಏನಿಲ್ಲ. ಉಣ್ಣು," ಎಂದು ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು. ಇಬ್ಬರೂ ಒಮ್ಮೆ ಮೇಲೆ ನೋಡಿ ಉಣ್ಣಲು ಶುರು ಮಾಡಿದೆವು.